ಜಂಗ್ಲಿಸಾಬರ ತಾಸಿನ ಲೆಕ್ಕ

ಮಸ್ಕಿಯ ಬಾಡಿಗೆ ಕಾರಿನ ಜಂಗ್ಲಿಸಾಬರಿಗೆ ಕಿಲೋಮೀಟರಿನ ಮೇಲೆ ನಂಬಿಕೆಯಿಲ್ಲ. ಹೈದರಾಬಾದಿನ ವಿಮಾನ ನಿಲ್ದಾಣ ಎಷ್ಟು ದೂರವೆಂದು ಕೇಳಿದರೆ ಕಣ್ಣು ಕಿರಿದಾಗಿಸಿ, "ಯಾವ ತಿಂಗಳಾಗ ಹೊಂಟೀರಿ?" ಎಂದು ಮರುಪ್ರಶ್ನೆ ಹಾಕುತ್ತಾರೆ. ಬಲಗಾಲನ್ನು ಕೊಂಚ ಎಳೆದು ನಡೆಯುವ, ಕಡುಬೇಸಿಗೆಯಲ್ಲೂ ಕಂದು ಕೋಟು ಕಳಚದ, ಅರವತ್ತು ದಾಟಿದ ಈ ಮನುಷ್ಯ ಎಂಬತ್ತರ ವೇಗವನ್ನು ಎಂದೂ ಮೀರಿದವರಲ್ಲ. ಎರಡು ತಾಸಿಗೊಮ್ಮೆ ಗಾಡಿ ನಿಲ್ಲಿಸಿ, ನಾಲ್ಕೂ ಗಾಲಿಗಳನ್ನು ಅಂಗೈಯಿಂದ ಮುಟ್ಟಿ ನೋಡಿ, ಚಹಾ ಕುಡಿದೇ ಮುಂದುವರಿಯುವ ಅವರ ಹಟಕ್ಕೆ ಸಿಂಧನೂರಿನ ಹರೆಯದ ಚಾಲಕರು 'ಎತ್ತಿನಬಂಡಿ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ಅವರು ನಕ್ಕು "ಬರೋಬರ್" ಎನ್ನುತ್ತಿದ್ದರು. ಒಪ್ಪಿಗೆಗೂ ಉಪೇಕ್ಷೆಗೂ ಅವರಲ್ಲಿ ಅದೊಂದೇ ಮಾತು.

ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಅವರು ಲಿಂಗಸುಗೂರಿನ ಅಂಚೆ ಗುಮಾಸ್ತ ರಾಜೇಶರ ಮಗಳು ಯಶೋಧರಾಳನ್ನು ಹುಬ್ಬಳ್ಳಿಯ ವಿಮಾನಕ್ಕೆ ಕರೆದೊಯ್ಯುತ್ತಿದ್ದರು. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನೌಕರಿಯ ಲಿಖಿತ ಪರೀಕ್ಷೆಯನ್ನು ಅವಳು ಗೆದ್ದಿದ್ದಳು. ಮರುದಿನ ದಿಲ್ಲಿಯಲ್ಲಿ ಮಾತಿನ ಸ್ಪಷ್ಟತೆ ನೋಡುವ ಧ್ವನಿಪರೀಕ್ಷೆ. ಬೆಳಗಿನ ಒಂಬತ್ತಕ್ಕೆ ಇಳಕಲ್ಲಿನಲ್ಲಿ ಫೋನಿಗೆ ಸಂದೇಶ ಬಂತು: ಹುಬ್ಬಳ್ಳಿಯ ವಿಮಾನ ರದ್ದು, ಬದಲಿಗೆ ಸಂಜೆ ಐದೂಮುಕ್ಕಾಲಿಗೆ ಹೈದರಾಬಾದಿನಿಂದ ಆಸನ. ನಾಲ್ಕೂಮುಕ್ಕಾಲಿಗೆ ಕೌಂಟರ್ ಬಂದ್.

"ವಿಮಾನದಾಗ ಹುಬ್ಬಳ್ಳಿಯಿಂದ ಹೈದರಾಬಾದಿಗೆ ಒಂದ ತಾಸು, ಕಾಕಾ," ಎಂದು ಅವಳು ಫೋನು ಅವರ ಮುಂದೆ ಹಿಡಿದಳು. "ನಮಗ? ನಾಲ್ಕೂ ಐವತ್ತಕ್ಕ ಮುಟ್ತೀರಿ ಅಂತೈತಿ ಫೋನು. ಐದು ಮಿನಿಟಿಗೆ ಎಲ್ಲಾ ಹೋತು."

"ಫೋನಿಗೇನು ಗೊತ್ತೈತಿ, ಬೇಟಿ? ನಾಲ್ಕಕ್ಕ ಮುಟ್ಟಸ್ತೀನಿ," ಎಂದು ಜಂಗ್ಲಿಸಾಬರು ಗಾಡಿ ಹಿಂದಕ್ಕೆ ತಿರುಗಿಸಿದರು.

ಲಿಂಗಸುಗೂರಿನಲ್ಲಿ ಫೋನು ಕವಿತಾಳದ ನೇರ ರಸ್ತೆ ತೋರಿಸಿತು. ಅವರು ಗುರುಗುಂಟಾದ ಕಡೆ ಹೊರಳಿದರು.

"ಕಾಕಾ, ಇದು ಸುತ್ತು!"

"ಆ ಕಡೆ ಕಾಲುವಿ ಊರುಗಳು. ಈಗ ಸುಗ್ಗಿ, ರೋಡ್ ತುಂಬ ನೆಲ್ಲು ಒಣಗ ಹಾಕ್ಯಾರ. ಈ ಕಡೆ ಮಳಿಬೆಳಿ, ನೆಲ್ಲಿಲ್ಲ. ರೋಡ್ ಖಾಲಿ."

ರಸ್ತೆ ನಿಜಕ್ಕೂ ಖಾಲಿಯಿತ್ತು. ಆದರೆ ದೇವದುರ್ಗದ ಬಳಿ ಎರಡು ತಾಸು ದಾಟಿದ್ದೇ ತಡ, ಗಾಡಿ ನಿಂತಿತು. ಯಶೋಧರಾ ಅತ್ತೇಬಿಟ್ಟಳು.

"ಹತ್ತು ಮಿನಿಟ್ ನಾವು ಗಾಡಿಗಿ ಕೊಟ್ರ, ಗಾಡಿ ನಮಗ ಎರಡು ತಾಸು ಕೊಡ್ತೈತಿ," ಎನ್ನುತ್ತ ಅವರು ಗಾಲಿ ಮುಟ್ಟತೊಡಗಿದರು. ಹಾಗೆಂದರೂ, ಹುಡುಗಿಯ ಅಷ್ಟು ವರ್ಷಗಳ ಓದು ತಮ್ಮ ಒಂದು ಮಾತನ್ನು ನಂಬಿ ಕುಳಿತಿದೆಯೆಂದು ಅವರಿಗೆ ತಿಳಿದಿತ್ತು. ಆ ದಿನ ಚಹಾವನ್ನು ಅರ್ಧ ಲೋಟಕ್ಕೇ ಬಿಟ್ಟು ಎದ್ದರು. ರಾಯಚೂರು ದಾಟಿ ಕೃಷ್ಣೆಯ ಸೇತುವೆಯಾಚೆ ಅವಳು, "ಕಾಕಾ, ತೊಂಬತ್ತು?" ಎಂದು ಅಂಗಲಾಚಿದಾಗ "ಬರೋಬರ್" ಎಂದರು, ಮುಳ್ಳು ಎಂಬತ್ತನ್ನು ಬಿಟ್ಟು ಕದಲಲಿಲ್ಲ.

ನಾಲ್ಕು ಹತ್ತಕ್ಕೆ ನಿಲ್ದಾಣದ ಬಾಗಿಲು.

"ಹತ್ತು ಮಿನಿಟ್ ತಪ್ಪು ಹೇಳಿದ್ನೆವ್ವಾ," ಎಂದು ಅವರು ನಾಚಿಕೊಂಡರೆ, ಅವಳು ಕಾಲಿಗೆ ಬಾಗಿದಳು. "ಆಮ್ಯಾಗ ಮಾಡಂತಿ, ಓಡು ಬೇಟಿ, ಓಡು!"

ಅವಳು ಗೆದ್ದಳು. ಇಂದು ದೊಡ್ಡ ಊರೊಂದರ ನಿಲ್ದಾಣದ ಗೋಪುರದಲ್ಲಿ ಕುಳಿತು ವಿಮಾನಗಳನ್ನು ಇಳಿಸುತ್ತಾಳೆ. ಈ ಸುದ್ದಿ ಕೇಳಿದ ಸಿಂಧನೂರಿನ ಆ ಚಾಲಕರೀಗ ವಿಮಾನ ನಿಲ್ದಾಣಕ್ಕೆ ಹೋಗುವ ಬಾಡಿಗೆ ಸಿಕ್ಕೊಡನೆ ಮಸ್ಕಿಗೆ ಫೋನು ಹಚ್ಚುತ್ತಾರೆ: "ಸಾಹೇಬ್ರ, ಇವತ್ತು ಎಷ್ಟು ತಾಸು ರೀ?"

ಒಂದೇ ಸೀಮೆಯಲ್ಲಿ ಜೀವಮಾನವೆಲ್ಲ ಗಾಲಿ ಉರುಳಿಸಿದವರಿಗೆ ಯಾವ ಹೊಲದಲ್ಲಿ ಏನು ಬೆಳೆದಿದೆ, ಯಾವ ಊರಿನ ಸಂತೆ ಯಾವ ವಾರ ಎಂಬುದೆಲ್ಲ ದಾರಿಯ ಭಾಗವೇ. ಅಂಥವರ ಜ್ಞಾನಕ್ಕೆ ಪದವಿಯಿಲ್ಲ, ಸನ್ಮಾನವಿಲ್ಲ. ಆದರೆ ನಮ್ಮ ಮಕ್ಕಳು ಎಷ್ಟೇ ಎತ್ತರಕ್ಕೆ ಹಾರಲಿ, ಹಾರುವ ಜಾಗದ ತನಕ ಅವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವವರು ಇವರೇ.