ಮಡಿ ಲೈನು

ದೀಪಕ್ಕೆ ಹೋಗುವ ತಂತಿಗೆ ಮಡಿ ಉಂಟೋ ಇಲ್ಲವೋ ಎಂಬುದು ಈ ವಿಶ್ವವಿದ್ಯಾಲಯ ಹುಟ್ಟಿದ ದಿನದಿಂದ ಅದರ ಮುಂದೆ ಬಂದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗುರುತರವಾದದ್ದು. ಪಠ್ಯಕ್ರಮ ಬದಲಾದಾಗ ಯಾರೂ ಮೇಜು ಗುದ್ದಿರಲಿಲ್ಲ. ಒಬ್ಬ ಪ್ರಾಧ್ಯಾಪಕರ ಸಂಶೋಧನೆ ಇನ್ನೊಬ್ಬರ ಸಂಶೋಧನೆಯೇ ಎಂದು ಬಯಲಾದಾಗಲೂ ಚಹಾ ಬಂತು, ಕುಡಿದರು, ಎದ್ದರು. ಮಡಿಯ ಪ್ರಶ್ನೆಗೆ ಮಾತ್ರ ಟ್ರಸ್ಟು ಮತ್ತೆ ಮತ್ತೆ ಸಭೆ ಸೇರಿತು. ಮಡಿ ಉಂಟು ಎಂದು ತೀರ್ಮಾನವಾಯಿತು.

ಆ ತೀರ್ಮಾನವನ್ನು ಮುರಿಯುವುದಕ್ಕಾಗಿ ಜೀವಂಧರ ಬೂಟು ಹಾಕಿಕೊಂಡೇ ಯುಪಿಎಸ್ ಕೋಣೆಗೆ ಹೊಕ್ಕ.

'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಹಿತ್ತಾಳೆಯ ಫಲಕ ಬಾಗಿಲಿನಲ್ಲಿತ್ತು. ವಿದ್ಯುತ್ ಸುರಕ್ಷತೆಯ ನಿಯಮ ಇಂಥ ಕೋಣೆಯಲ್ಲಿ ಬೂಟು ಬೇಕೇ ಬೇಕು ಎನ್ನುತ್ತದೆ. ಇಷ್ಟು ವರ್ಷ ಅವನು ಒಳಗೆ ರಬ್ಬರ್ ಚಾಪೆ ಹಾಸಿ, ಬರಿಗಾಲಲ್ಲಿ ನಿಂತು, ಎರಡೂ ನಿಯಮಗಳ ಮರ್ಯಾದೆ ಉಳಿಸಿದ್ದ. ಸೀನಿಯರ್ ಎಂಜಿನಿಯರ್ ಎಂದರೆ ಅದೇ ಎಂದು ಅವನಿಗೆ ಒಂದು ಕಾಲದಲ್ಲಿ ಅನ್ನಿಸಿತ್ತು.

ಎಲೆಕ್ಟ್ರಿಷಿಯನ್ ಅಬ್ದುಲ್ ರಹಿಮಾನ್ ಬಾಗಿಲಲ್ಲೇ ಚಪ್ಪಲಿ ಕಳಚಿ ಬಂದ. ನಂತರ ಎಂಜಿನಿಯರರ ಬೂಟು ನೋಡಿದ.

"ಇದೆಂತ ಸರ್? ನಾನಾದ್ರೂ ಕ್ರಮ ಪಾಲಿಸ್ತೇನೆ. ಇಡೀ ಜಿಲ್ಲೆಯಲ್ಲಿ ಗರ್ಭಗುಡಿಗೆ ಹೋಗ್ಲಿಕ್ಕೆ ಪರ್ಮಿಷನ್ ಇರುವ ಬ್ಯಾರಿ ನಾನೊಬ್ಬನೇ."

"ದೀಪದ ಫ್ಯೂಸ್ ತೆಗಿ."

ರಹಿಮಾನ್ ನಗು ನಿಲ್ಲಿಸಿದ.

ವಾಮದಪದವಿನ ಆಚೆ, ಮುರಕಲ್ಲಿನ ಗುಡ್ಡವನ್ನು ಸಮ ಮಾಡಿ ಕಟ್ಟಿದ ಕ್ಯಾಂಪಸ್ಸು. ಆಡಳಿತ ಕಟ್ಟಡದ ಹಜಾರದಲ್ಲಿ ಸಂಸ್ಥಾಪಕರ ಕಂಚಿನ ವಿಗ್ರಹ. ವಿಗ್ರಹದ ಮುಂದೆ ಕೆಂಪು ಗಾಜಿನ ಬುರುಡೆಯೊಳಗೆ ಒಂದು ದೀಪ. ಅದು ನಂದಬಾರದು. ಎಣ್ಣೆಯದಾದರೆ ನಂದೀತು ಎಂದು ವಿದ್ಯುತ್ತಿನದು ಮಾಡಿದರು. ಐದು ವಾಟಿನ ಬಲ್ಬು, ಜ್ವಾಲೆಯ ಆಕಾರದ್ದು, ಸುಮ್ಮನೆ ನಡುಗುತ್ತಿರುತ್ತದೆ. ಕರೆಂಟು ಹೋದರೆ ಬ್ಯಾಟರಿಯಿಂದ ಉರಿಯಲಿ ಎಂದು ಅದೊಂದಕ್ಕೇ ಒಂದು ಯುಪಿಎಸ್ ತರಿಸಿದರು. ಭಕ್ತಿಯಲ್ಲಿ ಲೆಕ್ಕ ನೋಡಬಾರದಲ್ಲ. ಐವತ್ತು ಮನೆಗೆ ದೀಪ ಹಚ್ಚುವಷ್ಟು ದೊಡ್ಡ ಯಂತ್ರ ಬಂತು. ಅದರ ಲೈನಿಗೆ ಬೇರೇನನ್ನೂ ಮುಟ್ಟಿಸಕೂಡದು.

ಆರೋಗ್ಯ ಕೇಂದ್ರ ಇದೇ ಕಟ್ಟಡದ ಹಿಂದಿದೆ. ಮಾರ್ಚಿನಲ್ಲಿ ಒಮ್ಮೆ ಕರೆಂಟು ಹೋಗಿ, ಜನರೇಟರು ಹತ್ತದೆ, ಅಲ್ಲಿನ ಆಮ್ಲಜನಕದ ಯಂತ್ರ ನಿಂತಿತ್ತು. ಬೆಳ್ತಂಗಡಿ ಕಡೆಯ ಅಕ್ಷಿತಾ ಎಂಬ ಹುಡುಗಿ, ಎರಡನೆಯ ಬಿಎಸ್ಸಿ, ಮಂಚದ ಸರಳು ಹಿಡಿದುಕೊಂಡು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದುದನ್ನು ಜೀವಂಧರ ಕಿಟಕಿಯಿಂದ ನೋಡಿದ್ದ. ಅವನ ಕಾರಿನಲ್ಲೇ ಬಂಟ್ವಾಳಕ್ಕೆ ಸಾಗಿಸಿದರು. ಹುಡುಗಿ ಬದುಕಿದಳು. ಬದುಕಿದ್ದರಿಂದ ಅದು ಒಂದು ಘಟನೆ ಎನಿಸಲಿಲ್ಲ. ಕೇಂದ್ರವನ್ನು ದೀಪದ ಯುಪಿಎಸ್ಸಿಗೆ ಸೇರಿಸೋಣವೆಂದು ಅವನು ಕೇಳಿದ. ಮಡಿಯ ಸಭೆಗಳು ನಡೆದದ್ದು ಆಗಲೇ.

ಇವತ್ತು ಸಂಸ್ಥಾಪಕರ ಜಯಂತಿ. ಮಳೆಗಾಲದ ಮುಂಚಿನ ರಿಪೇರಿಗೆಂದು ಸಂಜೆಯವರೆಗೆ ಊರಿಗೇ ಲೈನಿಲ್ಲ. ಜನರೇಟರು ಸಭಾಂಗಣದ ಎಸಿಗೇ ಸಾಲದು. ಆರೋಗ್ಯ ಕೇಂದ್ರವನ್ನು ಅದರಿಂದ ಬಿಡಿಸಿ ಎಂದು ಕುಲಸಚಿವರು ಹೋದ ವಾರವೇ ಫೋನಿನಲ್ಲಿ ಹೇಳಿದ್ದರು. ಒಂದು ದಿನಕ್ಕೆ ಯಾರಿಗೆ ಏನಾಗ್ತದೆ, ಜೀವಂಧರ್?

"ಎರಡೂ ಒಟ್ಟಿಗೆ ಓಡ್ತದೆ ಸರ್," ಎಂದ ರಹಿಮಾನ್. "ದೀಪವೂ ಇರ್ಲಿ, ಹಿಂದಿನಿಂದ ಕೇಂದ್ರಕ್ಕೂ ಕೊಡುವ. ಯಾವ ನರಪಿಳ್ಳೆಗೂ ಗೊತ್ತಾಗುದಿಲ್ಲ."

"ಅದು ಕಳ್ಳತನ."

"ಮತ್ತೆ ಇದು?"

"ದೀಪ ಇರುವ ಲೈನಿಗೆ ಬೇರೆ ಹೊರೆ ಕೂಡದು ಅಂತ ತಾನೇ ಹೇಳಿದ್ದು? ದೀಪವೇ ಇಲ್ಲದಿದ್ದರೆ ಮಡಿ ಎಲ್ಲಿ ಉಂಟು?"

"ಕೆಲಸ ಹೋಗ್ತದೆ."

"ನನ್ನದು. ನಾನು ಹೇಳಿದ್ದು, ನೀನು ಮಾಡಿದ್ದು. ತೆಗಿ."

ರಹಿಮಾನ್ ಫ್ಯೂಸು ತೆಗೆದ. ಅದು ಬರುವಾಗ ಸಣ್ಣ ಸದ್ದೂ ಆಗಲಿಲ್ಲ. ಜೀವಂಧರನಿಗೆ ಸ್ವಲ್ಪ ನಿರಾಶೆಯಾಯಿತು. ಕೇಂದ್ರದ ಕೇಬಲ್ಲಿನ ತುದಿಯನ್ನು ಸಿಕ್ಕಿಸಿದಾಗ ಯಂತ್ರದ ಮೇಲೆ ಹೊರೆ ತೋರಿಸುವ ಹಸಿರು ಗೆರೆ ಮೊದಲ ಬಾರಿಗೆ ಒಂದಿಷ್ಟು ಏರಿತು. ಹನ್ನೆರಡು ವರ್ಷ ಉಪವಾಸವಿದ್ದ ಪ್ರಾಣಿ ನಿಟ್ಟುಸಿರು ಬಿಟ್ಟ ಹಾಗೆ.

ಹಜಾರಕ್ಕೆ ಬಂದು ನೋಡಿದ. ದೀಪ ಆರಿತ್ತು. ಗಾಜಿನ ಬುರುಡೆ ಕೆಂಪಗೆ, ಕುರುಡಾಗಿ ನಿಂತಿತ್ತು.

ಅವನು ಎದುರಿನ ಬೆಂಚಿನಲ್ಲಿ ಕುಳಿತ. ಕೇಳಿದವರಿಗೆ ಹೇಳಬೇಕಾದ ಮಾತು ಸಿದ್ಧವಿತ್ತು. ವಾರದಿಂದ ಸ್ನಾನದ ಮನೆಯಲ್ಲಿ ಅದನ್ನು ಉಜ್ಜಿ ಉಜ್ಜಿ ಚಿಕ್ಕದು ಮಾಡಿದ್ದ. 'ಹೌದು, ನಾನೇ ಆರಿಸಿದ್ದು. ಉಸಿರಿಗೆ ಮಡಿ ಇಲ್ಲ.' ಮೊದಲು ಇದರಲ್ಲಿ ಸಂವಿಧಾನ ಕೂಡ ಇತ್ತು. ತೆಗೆದುಹಾಕಿದ್ದ.

ಜವಾನ ಹೂವಿನ ಹಾರ ತಂದ. ವಿಗ್ರಹಕ್ಕೆ ಏರಿಸಿದ. ಒಂದು ಎಸಳನ್ನು ಬುರುಡೆಯ ಮೇಲಿಟ್ಟ. ಕೈಮುಗಿದ. ಹೋದ.

ವಾಣಿಜ್ಯ ವಿಭಾಗದ ಮೇಡಂಗಳು ರೇಷ್ಮೆ ಸೀರೆಯಲ್ಲಿ ಬಂದರು. ಒಬ್ಬರು ಬುರುಡೆಯ ಮೇಲೆ ಅಂಗೈ ಆಡಿಸಿ ಕಣ್ಣಿಗೆ ಒತ್ತಿಕೊಂಡರು. ಇನ್ನೊಬ್ಬರು ಅದರ ಗಾಜಿನಲ್ಲಿ ಮುಖ ನೋಡಿ ಬೊಟ್ಟು ಸರಿ ಮಾಡಿಕೊಂಡರು.

"ಏನು ಸರ್, ಇಲ್ಲೇ ಕೂತಿದ್ದೀರಿ? ಕಾವಲಾ?"

"ದೀಪ ನೋಡ್ತಾ ಇದ್ದೇನೆ."

"ನಿಮ್ಮ ಪುಣ್ಯ ಸರ್. ನಮಗೆ ಅಷ್ಟು ಸಮಯ ಎಲ್ಲಿ ಉಂಟು?"

ಅವರು ಸಭಾಂಗಣದ ಕಡೆ ನಡೆದರು. ಸೀರೆಗಳ ಸರಸರ ಸದ್ದು ದೂರವಾಯಿತು. ಜೀವಂಧರ ಎದ್ದು, ಬುರುಡೆಯ ಮೇಲಿದ್ದ ಎಸಳನ್ನು ತೆಗೆದ. ಆರಿದ್ದು ಆಗಲಾದರೂ ಚೆನ್ನಾಗಿ ಕಾಣಲಿ ಎಂದು.

ಬಹಳ ಹೊತ್ತು ಕಾದ. ಹಾದುಹೋದವರೆಲ್ಲ ಕೈಮುಗಿದರು. ಹೀಗೆ ಕೂತರೆ ತನಗೂ ಅದು ಉರಿಯುವಂತೆ ಕಂಡೀತು ಎಂಬ ಭಯ ಹುಟ್ಟಿ, ಎದ್ದು ಆರೋಗ್ಯ ಕೇಂದ್ರಕ್ಕೆ ಹೋದ.

ಅಲ್ಲಿ ಫ್ಯಾನು ತಿರುಗುತ್ತಿತ್ತು. ಮಂಚಗಳು ಖಾಲಿ. ಗೋಡೆಯ ಪ್ಲಗ್ಗುಗಳಲ್ಲೆಲ್ಲ ಮೊಬೈಲುಗಳು ನೇತಾಡುತ್ತಿದ್ದವು. ನರ್ಸ್ ಸಾಲಿಹಾ ಕುರ್ಚಿ ಕೊಟ್ಟಳು.

"ಯಾರೂ ಇಲ್ವಾ?"

"ಎಲ್ಲ ಫಂಕ್ಷನಿಗೆ ಸರ್. ಇವತ್ತು ಊಟಕ್ಕೆ ಹೋಳಿಗೆ ಉಂಟಲ್ಲ, ಯಾರಿಗೂ ಹುಷಾರು ತಪ್ಪುದಿಲ್ಲ. ಕ್ಯಾಂಪಸ್ಸಲ್ಲಿ ಕರೆಂಟು ಇಲ್ಲಿ ಮಾತ್ರ ಅಂತ ಸುದ್ದಿ ಆಗಿದೆ, ಚಾರ್ಜಿಗೆ ಬರ್ತಾರೆ. ಕ್ಯಾಂಟೀನಿನ ರೋಹಿತ್ ಮಿಕ್ಸಿ ತರ್ಲಾ ಅಂತ ಕೇಳಿದ. ನಾನು ಬೈದೆ."

"ಯಂತ್ರ?"

"ಬೆಳಿಗ್ಗೆ ಓಡಿಸಿ ನೋಡಿದೆ. ಚಂದ ಓಡ್ತದೆ. ದೊಡ್ಡ ಉಪಕಾರ ಸರ್. ದೀಪ ತೆಗೆದಿರಂತೆ. ರಹಿಮಾನಣ್ಣ ಹೇಳಿದ್ರು."

"ನೀನು ನೋಡಿದ್ಯಾ?" ಅವನ ಧ್ವನಿಯಲ್ಲಿ ಅವನಿಗೇ ಕೇಳಿಸುವಷ್ಟು ಆಸೆ ಇತ್ತು.

"ಇಲ್ಲಪ್ಪ. ಯಾಕೆ ಸರ್ ತೆಗೆದದ್ದು? ಅದು ಇದ್ರೆ ನಮಗೆಂತ ಉಪದ್ರ? ಮೆಲ್ಲ ಒಟ್ಟಿಗೆ ಕೊಟ್ಟಿದ್ರೆ ನಾಳೆಯೂ ನಮಗೆ ಕರೆಂಟು ಇರ್ತಿತ್ತು. ಈಗ ಗೊತ್ತಾದ್ರೆ ಕಿತ್ತು ಬಿಸಾಡ್ತಾರೆ."

"ಗೊತ್ತಾಗ್ಲಿ ಅಂತಲೇ ತೆಗೆದದ್ದು."

"ಗೊತ್ತಾಗಿ ಎಂತ ಆಗ್ಬೇಕು?"

ಗೊತ್ತಾದರೆ ಒಂದೋ ನಿಯಮ ಹೋಗಬೇಕು, ಇಲ್ಲ ತಾನು ಹೋಗಬೇಕು. ಇಬ್ಬರೂ ಉಳಿಯುವ ಮೂರನೆಯ ದಾರಿಯಲ್ಲಿ, ರಬ್ಬರ್ ಚಾಪೆಯ ಮೇಲೆ, ಅವನು ಇಷ್ಟು ವರ್ಷ ನಿಂತದ್ದು ಸಾಕಾಗಿತ್ತು. ಇದನ್ನು ನರ್ಸಿಗೆ ಹೇಗೆ ಹೇಳುವುದು? ಅಷ್ಟರಲ್ಲಿ ಒಬ್ಬ ಹುಡುಗಿ ಬಂದು ತನ್ನ ಮೊಬೈಲು ತೆಗೆದುಕೊಂಡು, ಅವನಿಗೂ ಥ್ಯಾಂಕ್ಸ್ ಹೇಳಿ ಹೋದಳು.

ಕುಲಸಚಿವ ವಸಂತ ಕಾಮತರು ತಮ್ಮ ಕೋಣೆಯಲ್ಲಿ ಕುತ್ತಿಗೆಗೆ ಒದ್ದೆ ಕರವಸ್ತ್ರ ಸುತ್ತಿಕೊಂಡು ಸ್ವಾಗತ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದರು.

"ದೀಪ ಆರಿದೆ," ಎಂದ ಜೀವಂಧರ.

"ಯಾವ ದೀಪ?"

"ನಂದಬಾರದ್ದು."

ಕಾಮತರು ಕರವಸ್ತ್ರ ಬಿಚ್ಚಿದರು. "ಬಲ್ಬು ಹೋಯ್ತಾ? ಬೇಗ ಹಾಕ್ಸಿ ಮಾರಾಯ್ರೆ. ನೀವು ನನಗೆ ಹೇಳ್ಲಿಕ್ಕೆ ಯಾಕೆ ಬಂದದ್ದು?"

"ಬಲ್ಬು ಸರಿ ಉಂಟು. ನಾನು ಆರಿಸಿದ್ದು. ಲೈನು ಕೇಂದ್ರಕ್ಕೆ ಕೊಟ್ಟಿದ್ದೇನೆ."

ಕಾಮತರು ಬಾಗಿಲು ಮುಚ್ಚಿದರು. ನಂತರ ಏನೋ ಯೋಚಿಸಿ ಬಾಗಿಲು ತೆರೆದರು. ಇಬ್ಬರೂ ಹಜಾರಕ್ಕೆ ಬಂದರು. ಕಾಮತರು ದೀಪದ ಎದುರು ನಿಂತರು. ಕನ್ನಡಕ ತೆಗೆದು ಒರೆಸಿದರು. ಅದನ್ನು ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಇಟ್ಟುಕೊಂಡು ನೋಡಿದರು.

"ಉರೀತಾ ಉಂಟಲ್ಲ."

"ಕನ್ನಡಕ ಹಾಕಿ ನೋಡಿ."

"ನನಗೆ ಹೀಗೇ ಕಾಣ್ತದೆ." ಅವರ ಧ್ವನಿ ತಗ್ಗಿತು. "ಜೀವಂಧರ್, ಆರಿದೆ ಅಂತ ನಾನು ನೋಡಿದ್ರೆ ನಾನೊಂದು ವರದಿ ಬರೀಬೇಕು. ವರದಿ ಬರೆದ್ರೆ ಇದು ಯಾವಾಗಿಂದ ಆರಿದೆ ಅಂತ ಕೇಳ್ತಾರೆ. ಬೆಳಿಗ್ಗೆಯಿಂದ ಇಡೀ ಕ್ಯಾಂಪಸ್ಸು ಇದಕ್ಕೆ ಕೈ ಮುಗಿದಿದೆ. ಅಷ್ಟು ಜನರ ಮರ್ಯಾದೆ ತೆಗೀಲಿಕ್ಕೆ ನಿಮಗೆ ಅಧಿಕಾರ ಉಂಟಾ?"

"ನನ್ನನ್ನು ಸಸ್ಪೆಂಡ್ ಮಾಡಿ."

"ಎಂತಕ್ಕೆ? ಉರಿಯುವ ದೀಪಕ್ಕೆ ಯಾರಾದ್ರೂ ಸಸ್ಪೆಂಡ್ ಮಾಡ್ತಾರಾ?" ಕಾಮತರು ಅವನ ಭುಜ ತಟ್ಟಿದರು. "ಸುಸ್ತಾಗಿದ್ದೀರಿ. ಊಟ ಮಾಡಿ. ಹೋಳಿಗೆ ಉಂಟು."

ಅವರು ಹೋದರು. ಜೀವಂಧರ ಊಟ ಮಾಡಲಿಲ್ಲ. ಇನ್ನು ಉಳಿದದ್ದು ಒಬ್ಬರೇ.

ಸಭೆ ಮುಗಿದ ಮೇಲೆ ಕುಲಾಧಿಪತಿ ನಿತ್ಯಾನಂದರು ಮೆರವಣಿಗೆಯಲ್ಲಿ ಹಜಾರಕ್ಕೆ ಬಂದರು. ಸಂಸ್ಥಾಪಕರ ಮಗ. ಮಸ್ಕತ್ತಿನಲ್ಲಿ ಹೋಟೆಲು. ವರ್ಷಕ್ಕೊಮ್ಮೆ ಬಂದು ಅಪ್ಪನ ದೀಪದ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಕರೆಂಟು ಇನ್ನೂ ಬಂದಿರಲಿಲ್ಲ. ಹೊರಗೆ ಮೋಡ ಕವಿದು ಹಜಾರ ಮಬ್ಬಾಗಿತ್ತು. ದೀಪ ಉರಿಯುತ್ತಿದ್ದರೆ ಈ ಹೊತ್ತಿಗೆ ವಿಗ್ರಹದ ಮುಖದ ಮೇಲೆ ಕೆಂಪು ಬಿದ್ದಿರುತ್ತಿತ್ತು. ಈ ಮಬ್ಬಿನಲ್ಲಿ ವಿಗ್ರಹಕ್ಕೆ ಮುಖವೇ ಇರಲಿಲ್ಲ.

ಎಲ್ಲರೂ ಚಪ್ಪಲಿ ಕಳಚಿದರು. ಜೀವಂಧರ ಜನರ ನಡುವಿನಿಂದ ಮುಂದೆ ಬಂದು ದೀಪದ ಪಕ್ಕ ನಿಂತ.

ನಿತ್ಯಾನಂದರು ಅವನ ಕಾಲು ನೋಡಿದರು. "ಬೂಟು ತೆಗೀರಿ ಮಾರಾಯ್ರೆ. ಏನಿದು?"

"ತೆಗೆಯುವುದಿಲ್ಲ. ದೀಪ ಆರಿದೆ ಸರ್."

ಯಾರೋ ಕೆಮ್ಮಿದರು. ಕಾಮತರು ಚಾವಣಿ ನೋಡಿದರು.

"ನಾನೇ ಆರಿಸಿದ್ದು," ಎಂದ ಜೀವಂಧರ. ಧ್ವನಿ ನಡುಗಲಿಲ್ಲ. ಅದು ಅವನಿಗೆ ಇಷ್ಟವಾಯಿತು. "ಉಸಿರಿಗೆ ಮಡಿ ಇಲ್ಲ."

ನಿತ್ಯಾನಂದರು ಅವನನ್ನೇ ದಿಟ್ಟಿಸಿದರು. ಮೆಲ್ಲಗೆ ಅವರ ಕಣ್ಣು ತೇವವಾಯಿತು.

"ಕೇಳಿದಿರಾ?" ಎಂದರು ಹಿಂದೆ ತಿರುಗಿ. "ಹೊರಗಿನ ದೀಪ ಆರಿದೆ, ಉಸಿರೇ ದೀಪ ಅಂತ ಹೇಳ್ತಿದ್ದಾರೆ. ನಮ್ಮ ಅಪ್ಪನೂ ಹೀಗೇ ಮಾತಾಡ್ತಿದ್ರು. ಒಬ್ಬ ಎಂಜಿನಿಯರ್! ಮೂಡುಬಿದಿರೆಯ ಜೈನರಲ್ಲವಾ ನೀವು? ಅದಕ್ಕೇ. ರಕ್ತದಲ್ಲೇ ಉಂಟು. ಕಾಮತರೇ, ಇದನ್ನು ಬರೆದಿಟ್ಟುಕೊಳ್ಳಿ, ಗೋಡೆಗೆ ಹಾಕಿಸುವ."

ಚಪ್ಪಾಳೆ ಬಿತ್ತು. ಮೊದಲು ಕಾಮತರದು.

"ಅದಲ್ಲ ಸರ್." ಜೀವಂಧರ ಕಿರುಚಿದ. ಚಪ್ಪಾಳೆಯಲ್ಲಿ ಅದು ವಿನಯದಂತೆ ಕೇಳಿಸಿತು. "ಬಲ್ಬು! ನಾನು ಹೇಳಿದ್ದು ಬಲ್ಬಿನ ಮಾತು. ಮುಟ್ಟಿ ನೋಡಿ, ತಣ್ಣಗುಂಟು!" ಅವನು ಬಾಗಿ ಎರಡೂ ಅಂಗೈಗಳನ್ನು ಬುರುಡೆಗೆ ಹಚ್ಚಿ ತೋರಿಸಿದ. ಕುಲಾಧಿಪತಿಗಳು ಕಣ್ಣು ಮುಚ್ಚಿದರು. ಅವರೊಡನೆ ಎಲ್ಲರೂ ಕಣ್ಣು ಮುಚ್ಚಿದರು. ತೆರೆದ ಕಣ್ಣು ಅಲ್ಲಿ ಅವನದೊಂದೇ. ಫ್ಲ್ಯಾಶ್ ಮಿಂಚಿತು.

ಮೆರವಣಿಗೆ ಚಹಾದ ಕಡೆ ಹೋಯಿತು. ರಹಿಮಾನ್ ಕಂಬದ ಮರೆಯಿಂದ ಬಂದ.

"ಕರೆಂಟು ಬಂತಂತೆ ಸರ್. ದೀಪ ಹಾಕುವನಾ?"

"ಬೇಡ."

"ಮತ್ತೆ ಕೇಂದ್ರದ್ದು?"

"ಅದು ಅಲ್ಲೇ ಇರ್ಲಿ. ನಾಳೆಯೂ ಇರ್ಲಿ. ಕೇಳಿದ್ರೆ ನನ್ನ ಹೆಸರು ಹೇಳು."

"ಕೇಳುವವರು ಬೇಕಲ್ಲ ಸರ್," ಎಂದ ರಹಿಮಾನ್. ಅದು ಬರೀ ತಮಾಷೆಯಲ್ಲ ಎಂದು ಅವನಿಗೂ ಆಮೇಲೆ ತಿಳಿದಿರಬೇಕು. ಚಪ್ಪಲಿ ಹುಡುಕಿಕೊಂಡು ಹೋದ.

ಪ್ರಚಾರ ವಿಭಾಗದ ಫೋಟೋಗ್ರಾಫರ್ ತರುಣ್ ಬೆಂಚಿನಲ್ಲಿ ಕುಳಿತು, ಕ್ಯಾಮೆರಾದಲ್ಲಿ ಬೇಡದ ಚಿತ್ರಗಳನ್ನು ಅಳಿಸುತ್ತಿದ್ದ. "ಸರ್, ಒಂದು ನಿಮಿಷ. ಇದು ನೋಡಿ, ಭಾರೀ ಚಂದ ಬಂದಿದೆ. ನಾಳೆ ಪೇಪರಿಗೆ ಇದೇ."

ಜೀವಂಧರ ನೋಡಿದ. ಫ್ಲ್ಯಾಶಿನ ಬೆಳಕು ಬುರುಡೆಯ ಗಾಜಿಗೆ ಬಡಿದು ಅದರ ನಡುಮಧ್ಯದಲ್ಲಿ ನಿಂತಿತ್ತು. ವಿಗ್ರಹದ ಮುಖ ಕೆಂಪಗೆ ಬೆಳಗಿತ್ತು. ಸುತ್ತ ಮುಚ್ಚಿದ ಕಣ್ಣುಗಳು. ನಡುವೆ ಅವನು ಬಾಗಿ, ಗಾಳಿಗೆ ನಂದದಂತೆ, ಎರಡೂ ಕೈಗಳಿಂದ ಅದನ್ನು ಕಾಯುತ್ತಿದ್ದ.

ಫೋಟೋದಲ್ಲಿ ದೀಪ ಉರಿಯುತ್ತಿತ್ತು.