ಒಂಟಿ ಎಲೆಕ್ಟ್ರಾನೂ ಸತ್ಯನಾರಾಯಣ ಪೂಜೆಯೂ

ಎಲೆಕ್ಟ್ರಾನುಗಳನ್ನು ಹಿಂಡುಹಿಂಡಾಗಿ ಓಡಿಸುವುದು ಸುಲಭ, ಬಲ್ಬು ಹಾಕುವವರೆಲ್ಲ ಮಾಡುತ್ತಾರೆ. ಒಂದೊಂದಾಗಿ ಹಿಡಿಯುವುದೇ ಕಷ್ಟ. ಬಾಗಲಕೋಟೆ ಕಡೆಯ ವಿಜಯಶ್ರೀ ಆರು ವರ್ಷದಿಂದ ಹೇರೋಹಳ್ಳಿಯ ಇಂಜಿನಿಯರಿಂಗ್ ಕಾಲೇಜಿನ ಮಹಡಿಯ ಲ್ಯಾಬಿನಲ್ಲಿ ಆ ಕಷ್ಟವನ್ನೇ ಹೊತ್ತುಕೊಂಡಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಅವಳ ಸಾಧನವನ್ನು ಎಲೆಕ್ಟ್ರಾನುಗಳು ರೇಷನ್ ಅಂಗಡಿಯ ಸಾಲಿನಂತೆ ಒಂದರ ಹಿಂದೊಂದು ದಾಟಬೇಕು. ಸರಿಯಾಗಿ ದಾಟಿದರೆ ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಏಳುತ್ತದೆ. ಬೇರೆಯವರು ಇದನ್ನು ಹಿಮಕ್ಕಿಂತ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಮಾಡುತ್ತಿದ್ದರು. ಇವಳದು ನಾವು ನೀವು ಕೂರುವ ಕೋಣೆಯ ಸೆಕೆಯಲ್ಲೇ ಆಗಬೇಕಿತ್ತು. ಆಗಿಯೂ ಇತ್ತು, ಆದರೆ ಆಯುಧಪೂಜೆಯ ದಿನ ಮಾತ್ರ.

ಕಾರಣ ಕಾಲೇಜಿನ ಬೆನ್ನಿಗೇ ಇತ್ತು. ಆ ಊರಿನ ಮುನಿವೆಂಕಟಪ್ಪನವರು ತಮ್ಮ ರಾಗಿ ಹೊಲದಲ್ಲಿ ಶೆಡ್ಡು ಕಟ್ಟಿಸಿ ಲೇತ್, ವೆಲ್ಡಿಂಗ್ ಮಾಡುವವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಕಿಡಿ ಹಾರಿದರೆ ಇಲ್ಲಿ ಮೆಟ್ಟಿಲೆಲ್ಲ ಕಲಸುಮೇಲೋಗರ. ಸಾಧನಕ್ಕೆ ತಾಮ್ರದ ಪೆಟ್ಟಿಗೆ ಮುಚ್ಚಿದರೂ ಅಷ್ಟೇ. ರಾತ್ರಿ ಮಾಡೋಣವೆಂದರೆ ಅವರಿಗೂ ನೈಟ್ ಶಿಫ್ಟು. ಈಗ ಗುರುವಾರ ಪರೀಕ್ಷಕರು ಬಂದು ಕಣ್ಣಾರೆ ನೋಡುವವರಿದ್ದರು. ಅಂದು ಮೆಟ್ಟಿಲು ಕಾಣದಿದ್ದರೆ ಡಾಕ್ಟರೇಟಿಗೆ ಎಳ್ಳುನೀರು.

ವಿಜಯಶ್ರೀ ಮುನಿವೆಂಕಟಪ್ಪನವರ ಮನೆಗೆ ಹೋದಳು.

"ಗುರುವಾರ ಒಂದ್ ತಾಸು ಶೆಡ್ ಎಲ್ಲಾ ಬಂದ್ ಇಡಸ್ರಿ ಯಜಮಾನ್ರ. ಒಂದೊಂದ ಎಲೆಕ್ಟ್ರಾನ್ ಎಣಸ್ಬೇಕಾಗೇತ್ರಿ."

"ಒಂದೊಂದೇನಾ?" ಮುದುಕರಿಗೆ ನಿಜವಾಗಿಯೂ ಅಯ್ಯೋ ಪಾಪ ಅನ್ನಿಸಿತು. "ಅಷ್ಟಕ್ಕೆಲ್ಲ ಶೆಡ್ ನಿಲ್ಸಕ್ಕಾಗುತ್ತೇನಮ್ಮ? ಬಾಡಿಗೆಯೋರು ನನ್ನ ಸುಮ್ನೆ ಬಿಡ್ತಾರಾ? ದೇವ್ರ ಕೆಲ್ಸ ಅಂದ್ರೆ ಬೇರೆ ಮಾತು."

ಮರುದಿನ ಅವಳು ಅರಿಶಿನ ಕುಂಕುಮದ ತಟ್ಟೆ ಹಿಡಿದು ಮತ್ತೆ ಬಂದಳು. ಗುರುವಾರ ಕಾಲೇಜಿನ ಕೆಳಮಹಡಿಯಲ್ಲಿ ಸತ್ಯನಾರಾಯಣ ಪೂಜೆ, ಶೆಡ್ಡಿನವರೆಲ್ಲ ಬರಲೇಬೇಕು.

"ಅದಕ್ಕೇನಮ್ಮ, ಎಲ್ಲಾ ಬಂದ್ ಮಾಡ್ಸಿ ನಾನೇ ಕರ್ಕೊಂಡ್ ಬರ್ತೀನಿ," ಎಂದರು ಮುನಿವೆಂಕಟಪ್ಪ.

ಅವಳ ಗೈಡ್ ಡಾಕ್ಟರ್ ಮೋಹನ್ ಕುಮಾರ್ ಮಾತೆತ್ತಿದರೆ ವೈಜ್ಞಾನಿಕ ಮನೋಭಾವ ಎನ್ನುವವರು. "ಫಿಸಿಕ್ಸ್ ಓದಿ ಇದೇನಮ್ಮ ನಿಂದು?" ಎಂದು ರೇಗಿದರು. ಅವಳು ವಿಷಯ ಬಿಡಿಸಿ ಹೇಳಿದ ಮೇಲೆ ಪುರೋಹಿತರ ಫೋನ್ ನಂಬರು ತಾವೇ ಹುಡುಕಿ ಕೊಟ್ಟರು.

ಪುರೋಹಿತರಿಗೆ ಎರಡೇ ಕರಾರು: ಮೈಕ್ ಬೇಡ, ಕಥೆಯನ್ನು ಎಳೆದೆಳೆದು ಹೇಳಬೇಕು. ಗುರುವಾರ ವೆಲ್ಡಿಂಗಿನವರು ಕೈಕಾಲು ತೊಳೆದು ಬಂದು ಚಾಪೆ ತುಂಬ ಕೂತರು. ಶೆಡ್ಡುಗಳು ತೆಪ್ಪಗಾದವು. ಕೆಳಗೆ ಕಥೆಯ ಸಾಹುಕಾರನ ಹಡಗು ಮುಳುಗುತ್ತಿರುವಾಗ ಮೇಲೆ ಪರದೆಯಲ್ಲಿ ಒಂದು ಮೆಟ್ಟಿಲು ಎದ್ದಿತು, ಅದರ ಮೇಲೆ ಇನ್ನೊಂದು. ಪರೀಕ್ಷಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಅವಳ ಕೈ ಕುಲುಕಿದರು.

ಅಷ್ಟರಲ್ಲಿ ಮುನಿವೆಂಕಟಪ್ಪನವರು ದೊನ್ನೆಗಳಲ್ಲಿ ಪ್ರಸಾದದ ಸಪಾದ ಭಕ್ಷ್ಯ ಹೊತ್ತು ಮಹಡಿ ಹತ್ತಿ ಬಂದರು.

"ಬಂತೇನಮ್ಮ ನಿನ್ ಎಲೆಕ್ಟ್ರಾನು?" ಎಂದು ಕೇಳಿ, ಅವಳ ಮುಖ ನೋಡಿಯೇ ತಿಳಿದುಕೊಂಡರು. "ನೋಡ್ದಾ? ಆರು ವರ್ಷ ಒದ್ದಾಡ್ದೆ, ಬರ್ಲಿಲ್ಲ. ಒಂದು ಪೂಜೆ ಮಾಡ್ಸಿದ್ಯೋ ಇಲ್ವೋ, ಬಂತು."

ವಿಜಯಶ್ರೀಗೆ ಹೊಟ್ಟೆ ಉರಿಯಿತು. ನಿದ್ದೆಗೆಟ್ಟವಳು ತಾನು, ಹೆಸರು ದೇವರಿಗೆ. ಅಲ್ಲವೆಂದು ಹೇಳಿಸಲು ಗೈಡ್ ಕಡೆ ನೋಡಿದಳು. ಅವರ ಬಾಯಿ ತುಂಬ ಸಪಾದವಿತ್ತು. ಪರೀಕ್ಷಕರು ಅವಳ ಉತ್ತರಕ್ಕೇ ಕಾಯುತ್ತಿದ್ದರು. ಅವಳು ಸುಳ್ಳು ಹೇಳುವ ಪೈಕಿಯಲ್ಲ.

"ಹೌದ್ರಿ," ಎಂದಳು. "ಪೂಜಾ ಮಾಡ್ಸಿದ್ದಕ್ಕ ಬಂತು."