ಲೋಡಿಗೆ ಹೊಂದಿಸಿದ ಗಾಡಿ

ಎಂಟು ಹಾಕುವಾಗ ಮೀನಾಳ ಎಡಗಾಲು ನೆಲಕ್ಕೆ ತಾಗಿದ್ದು ಎರಡನೇ ಸುತ್ತಿನಲ್ಲಿ. ತಿಪಟೂರಿನ ಟೆಸ್ಟ್ ಮೈದಾನದಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್ ಕೈ ಎತ್ತಿ ಗಾಡಿ ನಿಲ್ಲಿಸಿದರು. ಕಾಲು ಊರಿದರೆ ಫೇಲು. ಒಂದು ವಾರ ಬಿಟ್ಟು ಮತ್ತೆ ಬರಬೇಕು. ಬೈಕಿನ ಹಿಂಭಾಗವನ್ನು ಒಮ್ಮೆ ನೋಡಿ, ಇದು ಇಷ್ಟು ಎತ್ತರ ಯಾಕಿದೆ ಎಂದು ಕೇಳಿದರು. ಉತ್ತರ ಬಂದದ್ದು ತಂತಿಬೇಲಿಯ ಆಚೆ ನಿಂತಿದ್ದ ಅವಳ ಗಂಡ ಶಿವರಾಜುವಿನಿಂದ.

'ಲೋಡಿಗೆ ಸರ್.'

ಇನ್ಸ್‌ಪೆಕ್ಟರ್ ಮುಂದಿನವರನ್ನು ಕರೆದರು.

ಮನೆಗೆ ಮರಳುವಾಗ ನೊಣವಿನಕೆರೆಯ ದಾರಿಯುದ್ದಕ್ಕೂ ಶಿವರಾಜು ಗಾಡಿ ಓಡಿಸುತ್ತ ಅವಳ ತಪ್ಪುಗಳನ್ನು ವಿವರಿಸಿದ. ಮುಂದಿನ ಚಕ್ರ ನೋಡಬಾರದು, ಹೋಗಬೇಕಾದ ಕಡೆ ನೋಡಬೇಕು. ಕ್ಲಚ್ ಪೂರ್ತಿ ಬಿಡಬಾರದು. ಮೈ ಸಡಿಲ ಇರಬೇಕು. ಕೆರೆ ಏರಿಯ ತಿರುವು ಬಂದಾಗ ಮಾತು ನಿಲ್ಲಿಸಿ, ಗಾಡಿಯನ್ನು ಸಲೀಸಾಗಿ ವಾಲಿಸಿ ಎಬ್ಬಿಸಿ, ನೋಡಿದ್ಯಾ ಎಂದ. ಹಿಂದೆ ಕೂತಿದ್ದ ಮೀನಾ ನೋಡಿದ್ದಳು. ಅದೇ ಗಾಡಿ ತನ್ನ ಕೈಯಲ್ಲಿ ಯಾಕೆ ಹಾಗೆ ತಿರುಗುವುದಿಲ್ಲ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಅವಳಿಗೆ ಲೈಸೆನ್ಸ್ ಬೇಕಾದದ್ದು ಕೆಲಸಕ್ಕೆ. ತೆಂಗು ಬೆಳೆಗಾರರು ಸೇರಿ ಕಟ್ಟಿದ ಕಂಪನಿಯೊಂದು ತೋಟ ತಿರುಗುವವರನ್ನು ತೆಗೆದುಕೊಳ್ಳುತ್ತಿತ್ತು. ತೆಂಗಿನ ಗರಿಯಲ್ಲಿ ಕಪ್ಪುತಲೆ ಹುಳು ಬಿದ್ದಿದೆಯೇ ನೋಡುವುದು, ಬಿದ್ದಿದ್ದರೆ ಆ ಹುಳುವನ್ನು ಕೊಲ್ಲುವ ಸಣ್ಣ ಕೀಟಗಳನ್ನು ಸೀಸೆಯಲ್ಲಿ ಒಯ್ದು ಮರಕ್ಕೆ ಬಿಡುವುದು ಕೆಲಸ. ಸ್ವಂತ ಗಾಡಿ ಇರಬೇಕು, ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ಇಲ್ಲವಾದರೆ ಅವಳ ಹಿಂದೆ ಕಾಯುತ್ತಿದ್ದ ತುರುವೇಕೆರೆಯ ಹುಡುಗಿಗೆ ಕೆಲಸ ಹೋಗುತ್ತದೆ. ಊರಿಗೆ ಬಸ್ಸುಂಟು, ತೋಟಗಳಿಗೆ ಇಲ್ಲ. ತಿಂಗಳು ಮುಗಿಯುವುದರೊಳಗೆ ಇನ್ನೊಂದು ಟೆಸ್ಟಿಗೆ ಮಾತ್ರ ಅವಕಾಶವಿತ್ತು.

ಡ್ರೈವಿಂಗ್ ಸ್ಕೂಲಿನವರು ಟೆಸ್ಟಿಗೆ ತಮ್ಮ ಬೈಕು ಕೊಡುತ್ತಾರೆಂದು ಅವಳು ಒಮ್ಮೆ ಹೇಳಿ ನೋಡಿದಳು. ಟೆಸ್ಟು ಅದರಲ್ಲಿ ಪಾಸಾಗಬಹುದು, ನಾಳೆಯಿಂದ ದಿನಾ ಓಡಿಸಬೇಕಾದದ್ದು ಯಾವುದು ಎಂದು ಶಿವರಾಜು ಕೇಳಿದ. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅವನ ಸರಿಯಾದ ಮಾತುಗಳೇ ಅವಳಿಗೆ ಹೆಚ್ಚು ಸಿಟ್ಟು ತರಿಸುತ್ತಿದ್ದವು.

ಶಿವರಾಜು ಬೆಳಗಿನ ಜಾವ ತೋಟಗಳಲ್ಲಿ ಎಳನೀರು ಇಳಿಸಿ, ಗೊನೆಗಳನ್ನು ಬೈಕಿಗೆ ಹೇರಿ ಹೆದ್ದಾರಿಯ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ಅದಕ್ಕೆಂದೇ ಗಾಡಿಯನ್ನು ಹಂತಹಂತವಾಗಿ ಬದಲಾಯಿಸಿದ್ದ. ಮೊದಲು ಸೀಟಿನ ಎರಡೂ ಬದಿಗೆ ಕಬ್ಬಿಣದ ಚೌಕಟ್ಟು ಬಂತು. ಬೇಡವಾದಾಗ ಬೋಲ್ಟು ಬಿಚ್ಚಿ ತೆಗೆಯಬಹುದು. ಗೊನೆ ಹೇರಿದಾಗ ಹಿಂಭಾಗ ಕುಸಿಯಿತು. ಬೈಕಿನ ಜೊತೆ ಬಂದಿದ್ದ ಕಂಪನಿಯ ಶಾಕ್ ಅಬ್ಸಾರ್ಬರ್‌ಗಳನ್ನು ತೆಗೆಸಿ, ಅದಕ್ಕಿಂತ ಉದ್ದದ, ಸ್ಪ್ರಿಂಗು ಬಹಳ ಗಡುಸಾದ ಜೋಡಿ ಹಾಕಿಸಿದ. ಆದರೂ ಮುಂಭಾಗ ಹಗುರವಾಗಿ ಹ್ಯಾಂಡಲ್ ತೇಲಿದ ಹಾಗಾಗುತ್ತಿತ್ತು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನು ಅದರ ಹಿಡಿಕೆಯಲ್ಲಿ ಮೇಲಕ್ಕೆ ಜಾರಿಸಿ ಗಾಡಿಯ ಮೂತಿಯನ್ನು ತಗ್ಗಿಸಿದ್ದೂ ಆಯಿತು. ಇಷ್ಟನ್ನೂ ಮಾಡಿದವನು ನೊಣವಿನಕೆರೆಯ ಮೆಕ್ಯಾನಿಕ್ ಬೆಟ್ಟಸ್ವಾಮಿ. ಶಿವರಾಜು ಗ್ಯಾರೇಜಿಗೆ ಹೋದಾಗಲೆಲ್ಲ ಗೊನೆ ಹೇರಿಕೊಂಡೇ ಹೋಗುತ್ತಿದ್ದ. ಇಬ್ಬರೂ ದೂರ ನಿಂತು, ಒಂದು ಕಣ್ಣು ಮುಚ್ಚಿ, ಗಾಡಿ ಮಟ್ಟಸವಾಗಿದೆಯೇ ಎಂದು ನೋಡುತ್ತಿದ್ದರು. ಲೋಡಿನ ಮೇಲೆ ಅದು ನಿಜಕ್ಕೂ ಮಟ್ಟಸವಾಗಿತ್ತು.

ಮನೆಯ ಮುಂದಿನ ಕಣದಲ್ಲಿ ಮೀನಾ ತೆಂಗಿನ ಮಟ್ಟೆಗಳನ್ನು ಸಾಲಾಗಿಟ್ಟು ಎಂಟು ಬರೆದಳು. ದಿನವೂ ಮಧ್ಯಾಹ್ನ ಅಭ್ಯಾಸ. ನೇರ ಹೋಗುವಾಗ ತೊಂದರೆಯಿರಲಿಲ್ಲ. ತಿರುವಿನಲ್ಲಿ ಸ್ವಲ್ಪ ವಾಲಿಸಿದರೆ ಸಾಕು, ಹ್ಯಾಂಡಲ್ ಅವಳನ್ನು ಕೇಳದೆ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಕೂತ ಹಾಗೆ ಮೈಭಾರವೆಲ್ಲ ಅಂಗೈಗೆ ಬರುತ್ತಿತ್ತು. ಸಣ್ಣ ಕಲ್ಲು ಸಿಕ್ಕರೂ ಹಿಂದಿನ ಚಕ್ರ ಪುಟಿದು ಪಕ್ಕಕ್ಕೆ ಸರಿಯುತ್ತಿತ್ತು. ಕಾಲು ಊರದೆ ವಿಧಿಯಿರಲಿಲ್ಲ.

ಜಗಲಿಯ ಮೇಲೆ ಕೂತ ಮಾವ ಹುಚ್ಚರಂಗಯ್ಯ ಪ್ರತಿ ಸಲವೂ ಹೋಯ್ತು ಎನ್ನುತ್ತಿದ್ದರು. ಶಿವರಾಜು ಮನೆಯಲ್ಲಿದ್ದರೆ ಹತ್ತಿರ ಬಂದು, ಹೆದರ್ತೀಯ, ಅದಕ್ಕೇ ಹಿಂಗಾಗೋದು ಎನ್ನುತ್ತಿದ್ದ. ಗಾಡಿಯಲ್ಲೇ ಏನೋ ಇದೆ ಎಂದು ಅವಳು ಹೇಳಿದರೆ ನಗುತ್ತಿದ್ದ. ಎಷ್ಟು ಭಾರ ಹೊತ್ತು ಏರಿಯ ಮೇಲೆ ತಿರುಗಿಸ್ತೀನಿ, ಒಂದು ದಿನ ಕಾಲು ಊರಿದೀನಾ? ಊರಿರಲಿಲ್ಲ. ಆ ಮಾತನ್ನು ಅವಳು ಊಟಕ್ಕೆ ಬಡಿಸುವಾಗಲೂ ಕೇಳಿದಳು, ಪಾತ್ರೆ ತೊಳೆಯುವಾಗಲೂ ಕೇಳಿದಳು.

ಟೆಸ್ಟಿಗೆ ಮೂರು ದಿನ ಇರುವಾಗ ಅಂಗಡಿಗಳಲ್ಲಿ ವ್ಯಾಪಾರ ಕಡಿಮೆಯಾಗಿ, ಶಿವರಾಜು ಗೊನೆಗಳನ್ನು ಹಾಗೆಯೇ ಮನೆಗೆ ತಂದ. ಗಾಡಿ ನಿಲ್ಲಿಸಿ ಮುಖ ತೊಳೆಯಲು ಹಿತ್ತಲಿಗೆ ಹೋದ. ಲೋಡು ಇಳಿಸುವವರೆಗೆ ಕಾಯುವ ತಾಳ್ಮೆ ಮೀನಾಳಿಗೆ ಉಳಿದಿರಲಿಲ್ಲ. ಬಿದ್ದರೆ ಗೊನೆಯ ಸಮೇತ ಬೀಳಲಿ ಎಂದುಕೊಂಡು ಸ್ಟಾರ್ಟ್ ಮಾಡಿದಳು.

ಗಾಡಿ ಭಾರವಾಗಿತ್ತು, ಆದರೆ ಹೇಳಿದ ಮಾತು ಕೇಳುತ್ತಿತ್ತು. ಎಡಕ್ಕೆ ವಾಲಿಸಿದಷ್ಟೇ ವಾಲಿತು. ಬಲಕ್ಕೆ ಎಬ್ಬಿಸಿದಾಗ ಎದ್ದಿತು. ಎಂಟು ಮುಗಿಯಿತು. ಇನ್ನೊಂದು ಎಂಟೂ ಮುಗಿಯಿತು. ಮಾವ ಹೋಯ್ತು ಎನ್ನಲಿಲ್ಲ.

ಟವೆಲ್ಲಿನಲ್ಲಿ ಮುಖ ಒರೆಸುತ್ತ ಬಂದ ಶಿವರಾಜು, ನಾನು ಹೇಳಿದ ಹಾಗೆ ಮಾಡಿದ್ದಕ್ಕೆ ಬಂತು ಎಂದ. ಮೀನಾ ಗೊನೆಗಳನ್ನು ಬಿಚ್ಚಿ ಕೆಳಗಿಳಿಸಿದಳು. ಖಾಲಿ ಗಾಡಿಯಲ್ಲಿ ಮತ್ತೆ ಎಂಟಕ್ಕೆ ಹೋದಳು. ಮೊದಲ ಸುತ್ತಿನಲ್ಲೇ ಕಾಲು ಊರಿತು. ಇಳಿದು ಗಾಡಿಯನ್ನು ಗಂಡನ ಕೈಗೆ ಕೊಟ್ಟಳು.

'ಈಗ ನೀವು ಹಾಕಿ.'

ಶಿವರಾಜು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟ. ಎರಡನೇ ಸುತ್ತಿನಲ್ಲಿ ಕಾಲು ಊರಿದ. ಚಪ್ಪಲಿ ಜಾರಿತು ಎಂದ. ಚಪ್ಪಲಿ ಬಿಟ್ಟು ಹೋದ, ಮತ್ತೆ ಊರಿದ. ಮಟ್ಟೆಗಳನ್ನು ಹತ್ತಿರ ಹತ್ತಿರ ಇಟ್ಟಿದೀಯ ಎಂದ. ಅವಳು ಮಟ್ಟೆಗಳನ್ನು ಅಗಲಿಸಿದಳು. ಈ ಸಲ ಹ್ಯಾಂಡಲ್ ಪೂರ್ತಿ ಮಡಚಿಕೊಂಡು, ಗಾಡಿಯೂ ಅವನೂ ಮೆಲ್ಲಗೆ ಒಟ್ಟಿಗೆ ಮಲಗಿದರು.

ಹುಚ್ಚರಂಗಯ್ಯ ಜಗಲಿಯಿಂದಲೇ ಕೇಳಿದರು: 'ಲೇ ಶಿವರಾಜ, ನಿಂಗೂ ಒಂದು ಎಲ್ ಬೋರ್ಡು ತರಾಣೇನ್ಲಾ?'

ಆಗ ಮೂವರಿಗೂ ತಿಳಿಯಿತು. ಶಿವರಾಜು ಈ ಗಾಡಿಯನ್ನು ಒಬ್ಬನೇ, ಖಾಲಿಯಾಗಿ ಓಡಿಸಿದ್ದೇ ಇಲ್ಲ. ಹೋಗುವಾಗ ಗೊನೆ, ಬರುವಾಗ ಬೂಸಾ ಮೂಟೆ, ತಿಪಟೂರಿಗೆ ಹೋದರೆ ಹಿಂದೆ ಹೆಂಡತಿ. ಭಾರವಿದ್ದಾಗ ಹಿಂಭಾಗ ತಗ್ಗಿ ಗಾಡಿ ಸಮ ಬರುತ್ತಿತ್ತು. ಭಾರವಿಲ್ಲದಾಗ ಹಿಂಭಾಗ ಮೇಲೆ, ಮೂತಿ ಕೆಳಗೆ. ಮುಂದಿನ ಫೋರ್ಕು ನೆಟ್ಟಗಾಗಿ ಹ್ಯಾಂಡಲ್ಲಿಗೆ ಹಿಡಿತ ಇರುತ್ತಿರಲಿಲ್ಲ, ಗಡುಸು ಸ್ಪ್ರಿಂಗಿಗೆ ಕುಗ್ಗಲು ತೂಕ ಸಿಗುತ್ತಿರಲಿಲ್ಲ. ಮೀನಾ ಇದನ್ನು ಕಣದ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದಳು. ಶಿವರಾಜು ಗಮನವಿಟ್ಟು ನೋಡಿದ. ಒಪ್ಪಿದ. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದ:

'ಹಂಗಾದ್ರೆ ಟೆಸ್ಟಿಗೆ ಗೊನೆ ಕಟ್ಕೊಂಡೇ ಹೋಗಾಣ ಬುಡು.'

ಮೀನಾ ಕಡ್ಡಿಯನ್ನು ಮುರಿದಳು.

'ಕೆಲಸಕ್ಕೂ ದಿನಾ ಗೊನೆ ಹೊತ್ಕಂಡೇ ತೋಟ ತಿರುಗ್ಲಾ? ಎಳನೀರು ಮಾರಾಕೆ ಬಂದವ್ಳೆ ಅಂತಾರೆ ಜನ.'

ಕಂಪನಿಯ ಹಳೆಯ ಶಾಕ್ ಅಬ್ಸಾರ್ಬರ್‌ಗಳು ಎಲ್ಲಿವೆ ಎಂದು ಕೇಳಿದ್ದಕ್ಕೆ, ಬೆಟ್ಟಸ್ವಾಮಿ ಅವತ್ತೇ ವಾಪಸ್ ಕೊಟ್ಟ ಎಂದ ಶಿವರಾಜು. ವಾಪಸ್ ತಂದದ್ದನ್ನು ಎಲ್ಲಿಟ್ಟಿರಿ ಎಂದು ಕೇಳಿದ್ದಕ್ಕೆ ಅಟ್ಟದ ಕಡೆ ನೋಡಿದ. ಅವನು ಅವನ್ನು ಅಟ್ಟಕ್ಕೆ ಎಸೆದ ಮೇಲೆ, ಆ ವರ್ಷದ ಕಾಯಿ ಅಟ್ಟಕ್ಕೆ ಏರಿತ್ತು. ಮನೆಯ ತೆಂಗಿನಕಾಯಿಯೆಲ್ಲ ಉಂಡೆ ಕೊಬ್ಬರಿಯಾಗಲು ಅಲ್ಲಿ ರಾಶಿ ಬಿದ್ದಿತ್ತು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಎನ್ನುವವರೆಗೆ ಆ ರಾಶಿಯನ್ನು ಯಾರೂ ಮುಟ್ಟಬಾರದು ಎಂಬುದು ಹುಚ್ಚರಂಗಯ್ಯನವರ ನಿಯಮ. ಉರುಳಿ ಬಿದ್ದು ಚಿಪ್ಪು ಬಿರುಕು ಬಿಟ್ಟರೆ ಕಾಯಿ ಒಳಗೇ ಕೊಳೆಯುತ್ತದೆ.

ಈಗ ಕೈ ಹಾಕಂಗಿಲ್ಲ ಕಣಮ್ಮ ಎಂದರು ಮಾವ. ಹೊಸ ಜೋಡಿಗೆ ಮೀನಾ ತಿಪಟೂರಿನ ಅಂಗಡಿಗೆ ಫೋನ್ ಮಾಡಿದಳು. ಆ ಮಾಡೆಲ್ಲಿನದು ತುಮಕೂರಿನಿಂದ ಬರಬೇಕು, ಮುಂದಿನ ವಾರ ಎಂದರು. ಟೆಸ್ಟು ಅದಕ್ಕೆ ಮುಂಚೆಯೇ ಇತ್ತು.

ಮರುದಿನ ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಮಾವ ಕೆಳಗಿನಿಂದ ಬೇಡ ಎಂದರು, ಹುಷಾರು ಎಂದರು, ಹಂಗಲ್ಲ ಎಂದರು. ಅವಳು ಕಾಯಿಗಳನ್ನು ಒಂದು ಬದಿಗೆ ಸರಿಸುತ್ತಿದ್ದ ರೀತಿ ನೋಡಲಾಗದೆ ಕೊನೆಗೆ ತಾವೇ ಮೇಲೆ ಬಂದು, ಮಲಗಿದ ಕೂಸನ್ನು ಎತ್ತಿದ ಹಾಗೆ ಒಂದೊಂದನ್ನೇ ಎತ್ತಿ ಇಡತೊಡಗಿದರು. ಒಂದು ಶಾಕು ಗೋಡೆಯ ಮೂಲೆಯಲ್ಲಿ ಬೇಗ ಸಿಕ್ಕಿತು. ಇನ್ನೊಂದು ಅದರ ಪಕ್ಕದಲ್ಲಿರಲಿಲ್ಲ. ಎರಡನ್ನೂ ಒಂದೇ ಕಡೆ ಇಡಬೇಕೆಂದು ಶಿವರಾಜುವಿಗೆ ಹೊಳೆದಿರಲಿಲ್ಲ. ಅದು ಎದುರು ಮೂಲೆಯಲ್ಲಿ ಸಿಕ್ಕಾಗ ರಾಶಿಯೆಲ್ಲ ಜಾಗ ಬದಲಾಯಿಸಿತ್ತು. ಕೆಳಗೆ ಕಾಫಿ ಕುಡಿಯುತ್ತಿದ್ದ ಶಿವರಾಜು, ಅಲ್ಲೇ ಐತೆ ಅಂತ ನಾನು ಹೇಳ್ಲಿಲ್ವಾ ಎಂದ.

ಬೆಟ್ಟಸ್ವಾಮಿ ಹಳೆಯ ಜೋಡಿ ಹಾಕಿ, ಮುಂದಿನ ಫೋರ್ಕನ್ನು ಮೊದಲಿನ ಮಟ್ಟಕ್ಕೆ ಇಳಿಸಿದ. ಖಾಲಿ ಗಾಡಿಯನ್ನು ದೂರ ನಿಂತು ನೋಡಿದ. ಇದನ್ನು ಹಿಂಗೆ ನಾನು ನೋಡೇ ಇರ್ಲಿಲ್ಲ ಕಣ್ಲಾ ಎಂದು ಶಿವರಾಜುವಿಗೆ ಹೇಳಿದ.

ಟೆಸ್ಟಿನ ದಿನ ಮೀನಾ ಎಂಟು ಹಾಕಿದಳು. ಕಾಲು ಫುಟ್‌ರೆಸ್ಟಿನ ಮೇಲೇ ಇತ್ತು. ಇನ್ಸ್‌ಪೆಕ್ಟರ್ ಮುಂದಿನವರನ್ನು ಕರೆದರು. ಬೇಲಿಯಾಚೆ ಶಿವರಾಜು, ಮುಂದಿನ ಚಕ್ರ ನೋಡ್ಬೇಡ ಅಂದಿದ್ದಕ್ಕೇ ಬಂತು ಎಂದು ಪಕ್ಕದವನಿಗೆ ವಿವರಿಸುತ್ತಿದ್ದ.

ಮರುದಿನ ಬೆಳಗಿನ ಜಾವ ಅವನು ಎಂದಿನಷ್ಟೇ ಗೊನೆ ಹೇರಿ ಹೊರಟ. ಮೆತ್ತನೆಯ ಸ್ಪ್ರಿಂಗುಗಳು ಪೂರ್ತಿ ಕುಗ್ಗಿದವು. ಗಾಡಿ ಮೂತಿ ಎತ್ತಿತು. ಹೆಡ್‌ಲೈಟ್ ರಸ್ತೆಯನ್ನು ಬಿಟ್ಟು ತೆಂಗಿನ ಸುಳಿಗಳನ್ನು ಬೆಳಗಿತು. ಏರಿಯ ತಿರುವಿನಲ್ಲಿ ಅವನು ಹ್ಯಾಂಡಲ್ ತಿರುಗಿಸಿದ, ಗಾಡಿ ತಿರುಗಲಿಲ್ಲ. ಅಂಚಿನ ಹುಲ್ಲಿಗೆ ಹೋಗಿ ಬಿತ್ತು. ಗೊನೆಗಳು ಕಳಚಿ ಎಳನೀರು ಒಂದೊಂದಾಗಿ ಕೆರೆಗೆ ಉರುಳಿದವು.

ಮೊಣಕೈ ತರಚಿಕೊಂಡು ಬಂದ ಗಂಡ, ನಿನ್ನ ಸ್ಪ್ರಿಂಗು ಎಂದಷ್ಟೇ ಹೇಳಿ ಜಗಲಿಯ ಮೇಲೆ ಕೂತ. ಮೀನಾ ಗಾಯಕ್ಕೆ ಮುಲಾಮು ಹಚ್ಚಿದಳು. ಅವನು ಲೋಡಿನ ಗಾಡಿಯನ್ನಷ್ಟೇ ನೋಡಿದ್ದ, ಅವಳು ಖಾಲಿ ಗಾಡಿಯನ್ನಷ್ಟೇ ನೋಡಿದ್ದಳು. ಇದು ಅವಳಿಗೆ ಒಂದು ದಿನ ಮುಂಚೆ ಹೊಳೆಯಬೇಕಿತ್ತು. ಹೊಳೆಯದೆ ಇದ್ದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಅದನ್ನು ಅವನಿಗೆ ಹೇಳುವ ಉದ್ದೇಶ ಮಾತ್ರ ಇರಲಿಲ್ಲ.

ಈಗ ಗೋಡೆಯ ಮೊಳೆಗೆ ಒಂದು ಜೋಡಿ ಶಾಕು ಯಾವಾಗಲೂ ನೇತಾಡುತ್ತಿರುತ್ತದೆ. ಬೆಳಿಗ್ಗೆ ಲೋಡು ಮುಟ್ಟಿಸಿ ಶಿವರಾಜು ಬಂದ ಕೂಡಲೇ ಚೌಕಟ್ಟು ಬಿಚ್ಚಬೇಕು, ಗಡುಸಿನ ಜೋಡಿ ಕಳಚಿ ಮೆತ್ತನೆಯದನ್ನು ಹಾಕಬೇಕು. ಸಂಜೆ ಅದೇ ಕೆಲಸ ತಿರುಗುಮುರುಗು. ಫೋರ್ಕು ಕಂಪನಿಯ ಮಟ್ಟದಲ್ಲೇ ಉಳಿಯಿತು. ಅದಕ್ಕಾಗಿ ಶಿವರಾಜು ಗೊನೆ ಕಡಿಮೆ ಹೇರಬೇಕಾಯಿತು, ಆ ದೂರು ದಿನವೂ ಇದೆ. ಅವನು ಬಲಗಡೆಯ ಬೋಲ್ಟು ಬಿಚ್ಚುವಷ್ಟರಲ್ಲಿ ಮೀನಾ ಎಡಗಡೆಯದನ್ನು ಬದಲಿಸಿ ಕೈ ಒರೆಸಿಕೊಂಡಿರುತ್ತಾಳೆ. ನಟ್ಟು ಬಿಗಿ ಮಾಡಿದ್ಯಾ ಎಂದು ಅವನು ಕೇಳುತ್ತಾನೆ. ಅವಳು ಎದ್ದು ಅವನ ಕಡೆಯ ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಾಳೆ.

ಮೊದಲ ದಿನ ಮೀನಾ ಕೆಲಸಕ್ಕೆ ಹೊರಟಾಗ ಏರಿಯ ತಿರುವಿನಲ್ಲಿ ಗಾಡಿ ವಾಲಿ, ತಾನಾಗಿಯೇ ಎದ್ದಿತು. ಚೀಲದಲ್ಲಿ ಕೀಟಗಳ ಸೀಸೆಗಳು ಅಲುಗಲಿಲ್ಲ. ಕೆರೆಯ ಅಂಚಿನಲ್ಲಿ ಒಂದು ಎಳನೀರು ಇನ್ನೂ ತೇಲುತ್ತಿತ್ತು.

ಆ ದಿನದ ಕೊನೆಯ ತೋಟ ದೂರವಿತ್ತು. ಮನೆಗೆ ಬರುವಾಗ ಹೊತ್ತು ಇಳಿದಿತ್ತು. ಶಿವರಾಜು ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಗಡುಸಿನ ಜೋಡಿ ಹಿಡಿದು ಗೇಟಿನಲ್ಲೇ ನಿಂತಿದ್ದ. ಇಷ್ಟು ಹೊತ್ತಾದ್ರೆ ನಾಳೆ ಲೋಡಿನ ಕತೆ ಏನು ಎಂದು ಅವಳು ಗಾಡಿಯಿಂದ ಇಳಿಯುವ ಮೊದಲೇ ಶುರು ಮಾಡಿದ. ಮೀನಾ ಸ್ಪ್ಯಾನರಿಗೆ ಕೈ ಚಾಚಿದಳು.